ನೋಡಲೋ, ಬಿಡಲೋ? ಓದುಗರ ಸಿನಿಮಾ ಪ್ರಶ್ನೆಗಳು

ಈ ಸಲ ಬಂದ ಪ್ರಶ್ನೆಗಳಲ್ಲಿ ಸುಮಾರು ಅರ್ಧ ಚಿತ್ರದುರ್ಗದ ಕಡೆಯವು. ಉಳಿದವು ದಾವಣಗೆರೆ, ಹರಿಹರ, ಜಗಳೂರು, ಚನ್ನಗಿರಿ, ಹೊನ್ನಾಳಿಯಿಂದ ಬಂದಿವೆ. ಹೆಸರು ಹಾಕಬೇಡಿ ಅಂತ ಸುಮಾರು ಜನ ಕೇಳಿಕೊಂಡಿದ್ದಾರೆ, ಹಾಗಾಗಿ ಯಾರ ಹೆಸರೂ ಇಲ್ಲ, ಊರು ಮಾತ್ರ ಇದೆ. ಉತ್ತರಗಳು ನನ್ನವು. ಒಪ್ಪದಿದ್ದರೆ ಬೈದು ಬರೆಯಿರಿ, ಅದನ್ನೂ ಓದುತ್ತೇನೆ.

ಸರ್, ‘ನಾಗರಹಾವು’ ವಿಷಯಕ್ಕೆ ನಮ್ಮ ಮನೆಯಲ್ಲಿ ಜಗಳ ಆಗಿದೆ. ನಾನು ಅದನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕ ಇಲ್ಲ. ಪಿಯುಸಿ ಓದುವ ಮಗಳು ಮೊನ್ನೆ ಮೊದಲ ಸಲ ನೋಡಿ, ‘ಅಪ್ಪಾ, ಈ ರಾಮಾಚಾರಿ ನಮ್ಮ ಕಾಲೇಜಲ್ಲಿ ಇದ್ದಿದ್ರೆ ನಾನೇ ಕಂಪ್ಲೇಂಟ್ ಕೊಡ್ತಿದ್ದೆ’ ಅಂದಳು. ಯಾರು ಸರಿ? – ಹೊಳಲ್ಕೆರೆ

ಮಗಳು ಹೇಳಿದ್ದು ರಾಮಾಚಾರಿ ಬಗ್ಗೆ. ನೀವು ಹೇಳೋದು ಸಿನಿಮಾ ಬಗ್ಗೆ. ಎರಡೂ ಸರಿ ಇರಬಹುದಲ್ವಾ?

ರಾಮಾಚಾರಿ ಒಳ್ಳೆ ಹುಡುಗ ಅಂತ ನಿರ್ದೇಶಕ ಪುಟ್ಟಣ್ಣ ಕಣಗಾಲ್ ಎಲ್ಲೂ ಹೇಳಿಲ್ಲ. ಪರೀಕ್ಷೆಯಲ್ಲಿ ಕಾಪಿ ಹೊಡೆದು ಸಿಕ್ಕಿಬಿದ್ದು, ಆ ಸಿಟ್ಟಿಗೆ ರಾತ್ರಿ ಪ್ರಿನ್ಸಿಪಾಲರ ಮನೆಗೆ ಕಲ್ಲು ಹೊಡೆದು, ಅವರನ್ನು ಅರೆಬೆತ್ತಲೆ ಮಾಡಿ ಕಂಬಕ್ಕೆ ಕಟ್ಟಿ ಓಡಿಹೋಗುವ ಹುಡುಗ ಅವನು. ಮುಂಗೋಪಿ, ಹಟಮಾರಿ, ಊರಿಗೇ ಬೇಡವಾದವನು. ನಿಮ್ಮ ಮಗಳಿಗೆ ಕಂಡದ್ದು ಇದು, ಸರಿಯಾಗೇ ಕಂಡಿದೆ. ನಮ್ಮ ವಯಸ್ಸಿನವರು ವಿಷ್ಣುವರ್ಧನ್ ಮೇಲಿನ ಅಭಿಮಾನದಲ್ಲಿ ಇದನ್ನೆಲ್ಲ ಮಾಫಿ ಮಾಡಿಬಿಟ್ಟೆವು.

ಆದರೆ ನನ್ನ ಲೆಕ್ಕದಲ್ಲಿ ಆ ಸಿನಿಮಾ ರಾಮಾಚಾರಿಯದ್ದೇ ಅಲ್ಲ. ಚಾಮಯ್ಯ ಮೇಷ್ಟ್ರದ್ದು. ಹುಡುಗ ಮಾತು ಕೇಳೋದು ಅವರೊಬ್ಬರದ್ದೇ. ಅವನು ಪ್ರೀತಿಸಿದ ಅಲಮೇಲು ಮನೆಯವರು ಜಾತಿ ಬೇರೆ ಅಂತ ಒಪ್ಪದಿದ್ದಾಗ, ಹುಡುಗನನ್ನು ಎದುರಿಗೆ ಕೂರಿಸಿಕೊಂಡು ‘ಬಿಟ್ಟುಬಿಡು’ ಅಂತ ಒಪ್ಪಿಸೋದು ಇದೇ ಮೇಷ್ಟ್ರು. ಆಮೇಲೆ ಅಲಮೇಲು ಇನ್ನೊಬ್ಬನನ್ನು ಮದುವೆಯಾಗಿ, ಆ ಗಂಡನ ಕೈಯಲ್ಲೇ ಹಾಳಾಗಿ, ರಾಮಾಚಾರಿ ಅವಳನ್ನು ಮತ್ತೆ ಯಾವ ಜಾಗದಲ್ಲಿ ನೋಡುತ್ತಾನೆ ಅಂತ ನಿಮಗೆ ಗೊತ್ತೇ ಇದೆ. ಅಷ್ಟಾದ ಮೇಲೂ, ಅವನು ಆಮೇಲೆ ಪ್ರೀತಿಸುವ ಮಾರ್ಗರೆಟ್ ವಿಷಯಕ್ಕೆ ಮೇಷ್ಟ್ರು ಮತ್ತೆ ಅದೇ ಬುದ್ಧಿ ಹೇಳೋಕೆ ಬರುತ್ತಾರೆ. ಕೋಲು ಹಿಡಿಯಲ್ಲ, ಕೂಗಾಡಲ್ಲ. ಪ್ರೀತಿಯಿಂದಲೇ ಹುಡುಗನ ಬದುಕು ಹಾಳು ಮಾಡುತ್ತಾರೆ. ಮುಂದಿನ ಸಲ ನೋಡುವಾಗ ಹೀರೋನನ್ನು ಬಿಟ್ಟು ಮೇಷ್ಟ್ರ ಪಾತ್ರ ಮಾಡಿದ ಕೆ.ಎಸ್. ಅಶ್ವತ್ಥ್ ಅವರ ಮುಖ ಮಾತ್ರ ನೋಡಿ. ತಾನು ಮಾಡಿದ್ದು ಸರಿಯೋ ತಪ್ಪೋ ಅನ್ನುವ ಅಳುಕು ಆ ಕಣ್ಣಲ್ಲಿ ಬಂದುಹೋಗುತ್ತದೆ. ಹುಡುಗನಿಗೆ ಅದು ಕಾಣೋದಿಲ್ಲ, ನಮಗೆ ಕಾಣುತ್ತದೆ.

ಸಿನಿಮಾ ನೋಡಲೋ ಬಿಡಲೋ ಅಂತ ಯಾರೇ ಕೇಳಿದರೂ ನಾನು ಮೊದಲು ನೋಡೋದು ಇದನ್ನೇ. ಹೀರೋ ಪಕ್ಕದಲ್ಲಿ ನಿಂತವನಿಗೆ ಸ್ವಂತ ಬದುಕು ಇದೆಯಾ? ಅವನಿಗೆ ಮಾಡೋಕೆ ಕೆಲಸ ಇದೆಯಾ, ಇಲ್ಲ ಹೀರೋನನ್ನು ಹೊಗಳೋದೇ ಕೆಲಸವಾ? ‘ನಾಗರಹಾವು’ನಲ್ಲಿ ಮೇಷ್ಟ್ರು, ಅವರ ಹೆಂಡತಿ ತುಂಗಾ, ಅಲಮೇಲು, ಮಾರ್ಗರೆಟ್, ಕೊನೆಗೆ ಹುಡುಗಿಯರನ್ನು ಕೆಣಕುವ ಜಲೀಲನವರೆಗೆ ಎಲ್ಲರೂ ನೆನಪಲ್ಲಿ ಉಳಿಯುತ್ತಾರೆ. 1972ರ ಕೊನೆಯಲ್ಲಿ ಬಂದ ಸಿನಿಮಾ, 2018ರಲ್ಲಿ ಹೊಸ ಡಿಜಿಟಲ್ ರೂಪದಲ್ಲಿ ಮತ್ತೆ ಬಿಡುಗಡೆ ಆದಾಗಲೂ ಜನ ಹೋಗಿ ಕೂತರಲ್ಲ, ಸುಮ್ನೆ ಅಲ್ಲ. ತ.ರಾ.ಸು. ಅವರಿಗೆ ಮಾತ್ರ ಸಿನಿಮಾ ಅಷ್ಟಾಗಿ ಹಿಡಿಸಲಿಲ್ಲ ಅನ್ನೋದು ದುರ್ಗದವರಿಗೆ ಗೊತ್ತಿರುವ ಮಾತು. ಅವರ ಮೂರು ಕಾದಂಬರಿಗಳನ್ನು ಒಂದೇ ಸಿನಿಮಾಕ್ಕೆ ತುರುಕಿದರೆ ಬರೆದವರಿಗೆ ಹೊಟ್ಟೆ ಉರಿಯದೆ ಇರುತ್ತಾ?

ಮಗಳ ಜೊತೆ ಇನ್ನೊಂದು ಸಲ ನೋಡಿ. ರಾಮಾಚಾರಿ ಪರ ವಕಾಲತ್ತು ಮಾತ್ರ ವಹಿಸಬೇಡಿ.

ಬೆಂಗಳೂರಿನ ನೆಂಟರು ಕೋಟೆ ನೋಡೋಕೆ ಬರ್ತಿದ್ದಾರೆ. ರಾತ್ರಿ ಊಟ ಆದ ಮೇಲೆ ದುರ್ಗದ ಇತಿಹಾಸ ಇರೋ ಸಿನಿಮಾ ಹಾಕಬೇಕು ಅಂತಿದ್ದೇನೆ. ‘ವೀರ ಮದಕರಿ’ ಹಾಕಲಾ? – ಚಿತ್ರದುರ್ಗ

ಅಯ್ಯೋ, ಬೇಡ. ಹೆಸರು ನೋಡಿ ಮೋಸ ಹೋಗಬೇಡಿ. 2009ರಲ್ಲಿ ಸುದೀಪ್ ತಾವೇ ನಿರ್ದೇಶಿಸಿ ನಟಿಸಿದ ಆ ಸಿನಿಮಾ ತೆಲುಗಿನ ‘ವಿಕ್ರಮಾರ್ಕುಡು’ ರಿಮೇಕ್. ಒಬ್ಬ ಕಳ್ಳ, ಅವನ ಹಾಗೇ ಇರುವ ಒಬ್ಬ ಪೊಲೀಸ್. ನಮ್ಮ ಮದಕರಿ ನಾಯಕನಿಗೂ ಅದಕ್ಕೂ ಸಂಬಂಧ ಇಲ್ಲ. ಮಸಾಲೆ ಸಿನಿಮಾ ಅಂತ ನೋಡಿದರೆ ಟೈಂಪಾಸ್ ಆಗುತ್ತದೆ, ಇತಿಹಾಸ ಅಂತ ಹಾಕಿದರೆ ನೆಂಟರ ಮುಂದೆ ನಗೆಪಾಟಲು.

ದುರ್ಗದ ಸಿನಿಮಾನೇ ಬೇಕು ಅಂದರೆ ಟಿ.ಎಸ್. ನಾಗಾಭರಣ ಅವರ ‘ಕಲ್ಲರಳಿ ಹೂವಾಗಿ’ ಹಾಕಿ. 2006ರದ್ದು. ಮದಕರಿ ನಾಯಕ, ಹೈದರಾಲಿ ಕಾಲದ ಪ್ರೇಮಕಥೆ. ಹಿಂದೆ ಇದೇ ಬಂಡೆಗಳ ನಡುವೆ ಜಲೀಲನಾಗಿ ಪೋಲಿ ತಿರುಗಿದ ಅಂಬರೀಶ್ ಇಲ್ಲಿ ಮದಕರಿ ನಾಯಕ. ಆ ಒಂದು ಕಾರಣಕ್ಕಾದರೂ ನೋಡಬೇಕು ಅಂತೀನಿ. ಸಿನಿಮಾ ನಡುವೆ ಸ್ವಲ್ಪ ಎಳೆಯುತ್ತದೆ, ಹಾಡು ಜಾಸ್ತಿ. ಆದರೂ ಯುದ್ಧ ನಡೆಯುವಾಗ ಅರಮನೆಯಲ್ಲಿ ಏನಾಯಿತು ಅನ್ನೋದಕ್ಕಿಂತ ಕೆಳಗಿನ ಜನಕ್ಕೆ ಏನಾಯಿತು ಅಂತ ಕೇಳುವ ಸಿನಿಮಾ.

ನೆಂಟರಿಗೆ ಸಂಗೀತದ ರುಚಿ ಇದ್ದರೆ ಜಿ.ವಿ. ಅಯ್ಯರ್ ಅವರ ‘ಹಂಸಗೀತೆ’, 1975. ಇದೂ ತ.ರಾ.ಸು. ಕಾದಂಬರಿಯೇ. ದುರ್ಗದ ಸಂಗೀತಗಾರ ಭೈರವಿ ವೆಂಕಟಸುಬ್ಬಯ್ಯನ ಕಥೆ, ಅನಂತ್ ನಾಗ್ ಮಾಡಿದ್ದಾರೆ. ಹಾಡಿದ್ದಕ್ಕೆ ಬಾಲಮುರಳಿಕೃಷ್ಣ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಊಟ ಆದ ಮೇಲೆ ಮಾತ್ರ ಬೇಡ. ದಿನವಿಡೀ ಏಳು ಸುತ್ತು ಹತ್ತಿ ಇಳಿದು ಬಂದವರು ಮೊದಲ ಆಲಾಪನೆಗೇ ಗೊರಕೆ ಹೊಡೆಯುತ್ತಾರೆ, ತಪ್ಪು ಅಯ್ಯರ್ ಅವರದ್ದಲ್ಲ. ಬೆಳಗ್ಗೆ ಕಾಫಿ ಜೊತೆ ಹಾಕಿ.

ಇನ್ನೊಂದು ಉಪಾಯ. ಕೋಟೆಗೆ ಹೋಗುವ ಮುಂಚೆ ‘ನಾಗರಹಾವು’ನ ಓಬವ್ವನ ಹಾಡು ಒಂದನ್ನೇ ತೋರಿಸಿ. ಪಿ.ಬಿ. ಶ್ರೀನಿವಾಸ್ ದನಿ, ಓಬವ್ವನಾಗಿ ಜಯಂತಿ. ಕೆಲವೇ ನಿಮಿಷ ಬರುವ ಪಾತ್ರ, ಆದರೂ ಓಬವ್ವ ಅಂದರೆ ಇವತ್ತಿಗೂ ನಮಗೆ ಕಣ್ಣ ಮುಂದೆ ಬರೋದು ಜಯಂತಿಯೇ. ನೀರಿಗೆ ಬಂದ ಹೆಂಗಸು, ಕಿಂಡಿಯಲ್ಲಿ ಶಬ್ದ ಕೇಳಿ ನಿಂತು, ಒಳಗೆ ಊಟಕ್ಕೆ ಕೂತ ಗಂಡನನ್ನು ಎಬ್ಬಿಸದೆ ಒನಕೆ ಎತ್ತಿಕೊಳ್ಳುತ್ತಾಳಲ್ಲ, ಆ ಘಳಿಗೆ ನೋಡಿ. ಆಮೇಲೆ ಕಿಂಡಿಯ ಹತ್ತಿರ ಕರೆದುಕೊಂಡು ಹೋಗಿ. ಅಷ್ಟು ಸಣ್ಣ ಜಾಗದಲ್ಲಿ ಮೈ ಕುಗ್ಗಿಸಿ ತೂರಿದಾಗ ಗೈಡ್ ಹೇಳೋದೇ ಬೇಕಾಗಲ್ಲ, ಅವರಿಗೇ ಗೊತ್ತಾಗುತ್ತದೆ.

ಅಣ್ಣಾ, ನಾನು ಎಂಜಿನಿಯರಿಂಗ್ ಓದೋ ಹುಡುಗಿ. ಫ್ರೆಂಡ್ಸ್ ಎಲ್ಲ ಪ್ಯಾನ್ ಇಂಡಿಯಾ ಸಿನಿಮಾ ಅಂದ್ರೆ ಪ್ರಾಣ ಬಿಡ್ತಾರೆ. ನನಗೆ ಹತ್ತು ನಿಮಿಷಕ್ಕೆ ತಲೆನೋವು. ‘ಕೆಜಿಎಫ್’ ಇಷ್ಟ ಆಗಲಿಲ್ಲ ಅಂದಿದ್ದಕ್ಕೆ ಗ್ರೂಪಲ್ಲಿ ಜಗಳ. ನನ್ನಲ್ಲೇ ಏನೋ ಐಬು ಇದೆಯಾ? – ವಿದ್ಯಾನಗರ, ದಾವಣಗೆರೆ

ಐಬು ಏನೂ ಇಲ್ಲ ತಂಗಿ. ಕಿವಿ ಸರಿಯಾಗಿದೆ ಅಂತ ಅರ್ಥ.

‘ಕೆಜಿಎಫ್’ ಕೆಟ್ಟ ಸಿನಿಮಾ ಅಂತ ನಾನು ಹೇಳಲ್ಲ. 2018ರ ಮೊದಲ ಭಾಗವನ್ನು ದೊಡ್ಡ ಪರದೆಯಲ್ಲಿ ನೋಡಬೇಕಿತ್ತು. ಆ ಗಣಿಯ ಕಪ್ಪು ಧೂಳು, ಆ ಕತ್ತಲು, ಸಾವಿರಾರು ಜನ ನಿಂತಿರುವ ಚೌಕಟ್ಟು, ಅದೆಲ್ಲ ಕಷ್ಟಪಟ್ಟು ಮಾಡಿದ ಕೆಲಸ. ಕನ್ನಡ ಸಿನಿಮಾವನ್ನು ದೇಶ ತಿರುಗಿ ನೋಡುವ ಹಾಗೆ ಮಾಡಿದ್ದೂ ನಿಜ. ಆದರೆ ನನ್ನ ಅಳತೆಗೆ ಹಾಕಿ ನೋಡಿ. ಹೀರೋ ರಾಕಿ ಪಕ್ಕದಲ್ಲಿ ಯಾರಿದ್ದಾರೆ? ಮೊದಲ ಭಾಗದಲ್ಲಿ ಅನಂತ್ ನಾಗ್ ಕೂತು ರಾಕಿ ಎಂಥವನು ಅಂತ ಹೇಳುತ್ತಾರೆ. 2022ರ ಎರಡನೇ ಭಾಗದಲ್ಲಿ ಆ ಕುರ್ಚಿಗೆ ಪ್ರಕಾಶ್ ರಾಜ್ ಬಂದು ಅದೇ ಮಾತು ಮುಂದುವರಿಸುತ್ತಾರೆ. ಅಷ್ಟು ದೊಡ್ಡ ನಟರಿಗೆ ಸಿಕ್ಕಿದ್ದು ಪ್ರವಚನದ ಕೆಲಸ. ಗಣಿಯಲ್ಲಿ ಒದ್ದಾಡುವ ಸಾವಿರಾರು ಜನರಲ್ಲಿ ನಾಲ್ಕು ಹೆಸರು ಹೇಳಿ ನೋಡೋಣ? ನಿಮ್ಮ ಗ್ರೂಪಿಗೆ ಇದೇ ಪ್ರಶ್ನೆ ಹಾಕಿ, ಜಗಳ ಇನ್ನೂ ಜೋರಾಗುತ್ತದೆ.

ಮೊದಲ ಭಾಗ ಥಿಯೇಟರಿಗೆ ಮತ್ತೆ ಬಂದರೆ ಹೋಗಿ. ಮನೆಯ ಟಿವಿಯಲ್ಲಿ ಎರಡನ್ನೂ ಬಿಡಿ. ಅದರ ನಕಲು ಮಾಡಿ ಬಂದ ಗಡ್ಡ, ಕೊಡಲಿ, ಮಸಿ ಬಣ್ಣದ ಸಿನಿಮಾಗಳನ್ನಂತೂ ಪೋಸ್ಟರ್ ನೋಡಿದಲ್ಲೇ ಬಿಡಿ.

ಪ್ರಶಸ್ತಿ ಬಂದ ಸಿನಿಮಾ ನೋಡಬೇಕು ಅಂತ ಕೂತರೆ ನಿದ್ದೆ ಬರುತ್ತೆ. ಹೇಳಿಕೊಳ್ಳೋಕೆ ನಾಚಿಕೆ. ನನ್ನಂಥವರು ಎಲ್ಲಿಂದ ಶುರು ಮಾಡಬೇಕು? ಇಲ್ಲ, ಬಿಟ್ಟೇಬಿಡಲಾ? – ಚಳ್ಳಕೆರೆ

ನಾಚಿಕೆ ಯಾಕೆ? ಪ್ರಶಸ್ತಿ ಬಂತು ಅನ್ನೋದು ಸಿನಿಮಾ ನೋಡೋಕೆ ಕಾರಣವೇ ಅಲ್ಲ. ನಿಮಗೆ ಗೊತ್ತಿರುವ ಬದುಕು ಅದರಲ್ಲಿ ಇದೆಯಾ ಅಂತ ನೋಡಿ, ಅಲ್ಲಿಂದ ಶುರು ಮಾಡಿ.

ನಿಮ್ಮ ಕಡೆ ಜಮೀನಿನ ವ್ಯಾಜ್ಯ ಇಲ್ಲದ ಮನೆ ಇದೆಯಾ? ಹಾಗಾದರೆ ‘ತಿಥಿ’ ಮೊದಲು. 2016ರಲ್ಲಿ ನಮ್ಮಲ್ಲಿ ಬಿಡುಗಡೆ ಆಯಿತು, ರಾಮ್ ರೆಡ್ಡಿ ನಿರ್ದೇಶನ. ಅದಕ್ಕೂ ಮುಂಚೆ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಬಂದಿತ್ತು, ಅದನ್ನು ಮರೆತುಬಿಡಿ. ನೂರು ದಾಟಿದ ಸೆಂಚುರಿ ಗೌಡ ಸಾಯುತ್ತಾನೆ. ಅವನ ಮಗ ಗಡ್ಡಪ್ಪನಿಗೆ ಅಪ್ಪ ಸತ್ತರೂ ಅಷ್ಟೇ, ಆಸ್ತಿ ಬಂದರೂ ಅಷ್ಟೇ, ಬ್ರಾಂಡಿ ಬಾಟಲಿ ಹಿಡಿದು ಹೊಲದಲ್ಲಿ ಅಡ್ಡಾಡುತ್ತಿರುತ್ತಾನೆ. ಮೊಮ್ಮಗ ತಮ್ಮಣ್ಣನಿಗೆ ಆ ಜಮೀನು ಮಾರಿ ದುಡ್ಡು ಮಾಡಬೇಕು. ಅದಕ್ಕೆ ಬದುಕಿರುವ ಅಪ್ಪನ ಹೆಸರಲ್ಲೇ ಮರಣ ಪತ್ರ ಮಾಡಿಸೋಕೆ ಓಡಾಡುತ್ತಾನೆ. ಇದು ನಡೆಯೋದು ಮಂಡ್ಯದ ನೊದೆಕೊಪ್ಪಲಿನಲ್ಲಿ, ಮಾಡಿದವರು ಹೆಚ್ಚಿನವರು ಹಳ್ಳಿಯವರೇ, ಕ್ಯಾಮೆರಾ ಮುಂದೆ ಹಿಂದೆಂದೂ ನಿಂತವರಲ್ಲ. ಆದರೆ ತಮ್ಮಣ್ಣನಂಥವನನ್ನು ನೀವು ನಿಮ್ಮ ತಾಲ್ಲೂಕು ಕಚೇರಿ ಮುಂದೆ ಫೈಲ್ ಹಿಡಿದು ನಿಂತಿದ್ದು ನೋಡಿರುತ್ತೀರಿ. ನಗುತ್ತೀರಿ. ನಿದ್ದೆ ಬಂದರೆ ನನಗೆ ಬರೆಯಿರಿ.

ಅದು ಹಿಡಿಸಿದರೆ ಗಿರೀಶ್ ಕಾಸರವಳ್ಳಿಯವರ ‘ತಬರನ ಕಥೆ’ಗೆ ಬನ್ನಿ. ಪೂರ್ಣಚಂದ್ರ ತೇಜಸ್ವಿಯವರ ಕಥೆ, ತಬರನಾಗಿ ಚಾರುಹಾಸನ್. ಸರ್ಕಾರಿ ಕೆಲಸದಿಂದ ನಿವೃತ್ತನಾದ ಬಡಪಾಯಿ, ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುತ್ತಾನೆ. ಇತ್ತ ಸಕ್ಕರೆ ಕಾಯಿಲೆಯಿಂದ ಹೆಂಡತಿಯ ಕಾಲಿನ ಗಾಯ ಕೊಳೆಯುತ್ತಾ ಹೋಗುತ್ತದೆ. ಚಿಕಿತ್ಸೆಗೆ ದುಡ್ಡಿಲ್ಲ. ಕಾಲು ಕತ್ತರಿಸಿ ಕೊಡು ಅಂತ ಅವನು ಕಟುಕನ ಹತ್ತಿರ ಹೋಗಿ ಕೇಳುತ್ತಾನೆ. ಚಾರುಹಾಸನ್ ಆ ಮಾತನ್ನು ಅಳುತ್ತಾ ಹೇಳೋದಿಲ್ಲ. ಲೆಕ್ಕ ಹಾಕಿ, ಇದೊಂದೇ ದಾರಿ ಉಳಿದಿರೋದು ಅಂತ ಗೊತ್ತಾದವನ ಹಾಗೆ ಹೇಳುತ್ತಾರೆ. ಅವರಿಗೆ ರಾಷ್ಟ್ರಪ್ರಶಸ್ತಿ ಬಂದಿದ್ದು ಇದೇ ಪಾತ್ರಕ್ಕೆ. ಒಂದು ಸಹಿಗಾಗಿ ‘ನಾಳೆ ಬನ್ನಿ’ ಅನ್ನಿಸಿಕೊಂಡವರು ಯಾರೇ ಆಗಲಿ, ಈ ಸಿನಿಮಾ ನಿಧಾನ ಅಂತ ಹೇಳಲಾರರು.

ಎರಡೂ ನೋಡಿ ಆಮೇಲೆ ಕಾಸರವಳ್ಳಿಯವರದೇ ‘ಘಟಶ್ರಾದ್ಧ’. ನೇರ ಅಲ್ಲಿಗೇ ಹಾರಿದರೆ ಮತ್ತೆ ನಿದ್ದೆ ಬರಬಹುದು. ಅದಕ್ಕೆ ಸ್ವಲ್ಪ ತಾಳ್ಮೆ ಬೇಕು, ಸುಳ್ಳು ಹೇಳಿ ಏನು ಪ್ರಯೋಜನ?

ಕನ್ನಡಿಗರಾಗಿ ಕನ್ನಡ ಸಿನಿಮಾ ನೋಡಿ ಬೆಳೆಸಬೇಕು ಅಂತಾರೆ. ಹಾಗೆ ಬೆಳೆಸೋಕೆ ಹೋಗಿ ಈ ವರ್ಷ ಸಾಕಷ್ಟು ದುಡ್ಡು ಕಳೆದುಕೊಂಡಿದ್ದೇನೆ. ಏನ್ ಮಾಡ್ಲಿ? – ಜಗಳೂರು

ಬೆಳೆಸೋದು ಬಿಡಿ. ಅದು ನಿಮ್ಮ ಕೆಲಸ ಅಲ್ಲ.

ಕೆಟ್ಟ ಹೋಟೆಲಿಗೆ ಕನ್ನಡದ ಬೋರ್ಡ್ ಇದೆ ಅಂತ ಯಾರಾದರೂ ದಿನಾ ಹಳಸಿದ ಚಿತ್ರಾನ್ನ ತಿನ್ನುತ್ತಾರಾ? ಸಿನಿಮಾಕ್ಕೆ ಮಾತ್ರ ಯಾಕೆ ಈ ರಿಯಾಯಿತಿ? ಕೆಟ್ಟ ಸಿನಿಮಾಕ್ಕೆ ನೀವು ಕೊಟ್ಟ ದುಡ್ಡು ಇನ್ನೊಂದು ಕೆಟ್ಟ ಸಿನಿಮಾಕ್ಕೇ ಹೋಗೋದು. ನಿಮಗೆ ನಿಜವಾಗಿ ಸಹಾಯ ಮಾಡಬೇಕು ಅನ್ನಿಸಿದರೆ, ಚೆನ್ನಾಗಿರುವ ಸಣ್ಣ ಸಿನಿಮಾ ಮೊದಲ ವಾರದಲ್ಲೇ ನೋಡಿ ನಾಲ್ಕು ಜನಕ್ಕೆ ಹೇಳಿ. ಎರಡನೇ ವಾರಕ್ಕೆ ಅದು ಪರದೆ ಮೇಲೆ ಉಳಿಯೋದೇ ಕಷ್ಟ. ನೀವು ವಿಷಯ ತಿಳಿದು ಹೊರಡುವ ಹೊತ್ತಿಗೆ ಬೇರೆ ಪೋಸ್ಟರ್ ಬಿದ್ದಿರುತ್ತದೆ.

ನಮ್ಮ ಕಡೆ ಎಲ್ಲರಿಗೂ ತೆಲುಗು ಬರುತ್ತೆ. ತೆಲುಗು ಸಿನಿಮಾನ ತೆಲುಗಲ್ಲೇ ನೋಡಬೇಕಾ, ಕನ್ನಡ ಡಬ್ಬಿಂಗ್‌ನಲ್ಲಾ? – ಮೊಳಕಾಲ್ಮೂರು

ತೆಲುಗು ಬರುತ್ತೆ ಅಂದ ಮೇಲೆ ತೆಲುಗಲ್ಲೇ ನೋಡಿ. ಭಾಷೆ ಬಾರದವರು ಡಬ್ಬಿಂಗ್ ನೋಡಲಿ, ಅದರಲ್ಲಿ ತಪ್ಪೇನಿಲ್ಲ. ಡಬ್ಬಿಂಗ್ ತಡೆಯೋದು ಸರಿಯಲ್ಲ ಅಂತ ಸ್ಪರ್ಧಾ ಆಯೋಗ 2015ರಲ್ಲೇ ಹೇಳಿ ಆಗಿದೆ, ಆ ಜಗಳ ಹಳೆಯದಾಯಿತು. ನನ್ನ ತಕರಾರು ಬೇರೆ. ಹೀರೋಗೆ ಒಳ್ಳೆ ದನಿ ಹುಡುಕುತ್ತಾರೆ. ಅವನ ಸುತ್ತ ಇರುವ ಅಂಗಡಿಯವನು, ಕಾನ್‌ಸ್ಟೆಬಲ್, ಚಿಕ್ಕಪ್ಪ ಎಲ್ಲರಿಗೂ ಅದೇ ಎರಡು ಮೂರು ದನಿ, ಎಲ್ಲರದ್ದೂ ಪುಸ್ತಕದ ಕನ್ನಡ. ನಮ್ಮ ಕಡೆಯ ಒಬ್ಬ ಕುರಿಗಾಹಿ ‘ನಾನು ನಿನ್ನನ್ನು ಸುಮ್ಮನೆ ಬಿಡುವುದಿಲ್ಲ’ ಅಂತಾನಾ?

ಭಾನುವಾರ ಅತ್ತೆ, ಮಾವ, ಮಕ್ಕಳು, ನಾವು ಎಲ್ಲ ಕೂತು ನೋಡಬೇಕು. ಅತ್ತೆಗೆ ಹೊಡೆದಾಟ ಆಗಲ್ಲ, ಮಕ್ಕಳಿಗೆ ಅಳು ಆಗಲ್ಲ, ಯಜಮಾನರಿಗೆ ನಿಧಾನ ಆಗಲ್ಲ. ಮಾವನಿಗೆ ಮರೆವು ಶುರುವಾಗಿದೆ. ಯಾವುದಾದರೂ ಹೇಳಿ. – ಹರಿಹರ

ಅಕ್ಕಾ, ಈ ನಾಲ್ಕೂ ಷರತ್ತಿಗೆ ಹೊಂದುವುದು ಒಂದೇ, ‘ಗಣೇಶನ ಮದುವೆ’. 1990ರದ್ದು, ಫಣಿ ರಾಮಚಂದ್ರ ನಿರ್ದೇಶನ. ಒಂದೇ ವಠಾರದಲ್ಲಿ ದಿನಾ ಕಿತ್ತಾಡುವ ಇಬ್ಬರು, ಯಾರು ಅಂತ ಗೊತ್ತಿಲ್ಲದೆ ಒಬ್ಬರನ್ನೊಬ್ಬರು ಪ್ರೀತಿಸುತ್ತಿರುತ್ತಾರೆ. ಅನಂತ್ ನಾಗ್, ವಿನಯಾ ಪ್ರಸಾದ್. ವಠಾರದ ಪ್ರತಿ ಮನೆಯವರಿಗೂ ಅವರದೇ ಒಂದು ತಲೆಬಿಸಿ ಇದೆ, ಯಾರೂ ಸುಮ್ನೆ ನಿಂತಿಲ್ಲ. ಅತ್ತೆ ಆಗಲೇ ನೋಡಿರುತ್ತಾರೆ, ಮುಂದೇನು ಅಂತ ಮಕ್ಕಳಿಗೆ ಮೊದಲೇ ಹೇಳಿಬಿಡುತ್ತಾರೆ. ಹೇಳಲಿ ಬಿಡಿ.

ಮಕ್ಕಳು ಹೈಸ್ಕೂಲು ಆಗಿದ್ದರೆ ‘ಡೇರ್‌ಡೆವಿಲ್ ಮುಸ್ತಫಾ’ ಹಾಕಿ. ತೇಜಸ್ವಿಯವರ ಕಥೆ ಇಟ್ಟುಕೊಂಡು, ಅವರ ಓದುಗರೇ ದುಡ್ಡು ಹಾಕಿ 2023ರಲ್ಲಿ ತಂದ ಸಿನಿಮಾ. ಕಾಲೇಜಿಗೆ ಹೊಸದಾಗಿ ಮುಸ್ತಫಾ ಅನ್ನೋ ಹುಡುಗ ಸೇರುತ್ತಾನೆ, ಉಳಿದ ಹುಡುಗರಿಗೆ ಅವನ ಹೆಸರು ಕೇಳಿಯೇ ನಡುಕ. ಅಷ್ಟೇ ಕಥೆ. ಕ್ರಿಕೆಟ್ ಮ್ಯಾಚ್ ಸ್ವಲ್ಪ ಉದ್ದ ಆಯಿತು ಅನ್ನಿಸಿತು ನನಗೆ, ಮಕ್ಕಳಿಗೆ ಅನ್ನಿಸಲ್ಲ.

ಮಾವನ ವಿಷಯ ಬರೆದಿದ್ದೀರಿ, ಅದಕ್ಕೇ ಒಂದು ಮಾತು. ಯಾರಾದರೂ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ನೋಡಿ ಅಂತ ಹೇಳಿಯೇ ಹೇಳುತ್ತಾರೆ. ಹೇಮಂತ್ ರಾವ್ ಅವರ 2016ರ ಸಿನಿಮಾ, ಮರೆವಿನ ಕಾಯಿಲೆ ಇರುವ ಅಪ್ಪ ಕಳೆದುಹೋಗಿ ಮಗ ಹುಡುಕುವ ಕಥೆ. ಒಳ್ಳೆಯ ಸಿನಿಮಾ. ರೌಡಿಗಳ ಉಪಕಥೆ ನನಗೆ ಬೇಡವಾಗಿತ್ತು, ಆದರೆ ಅಪ್ಪ ಎಂಥವನು ಅಂತ ಮಗನಿಗೆ ಗೊತ್ತಾಗೋದು ಅಪ್ಪ ಕಾಣೆಯಾದ ಮೇಲೆ, ಅವನನ್ನು ಬಲ್ಲ ಬೇರೆಯವರ ಬಾಯಿಂದ. ಆ ಭಾಗ ಬಹಳ ಚೆನ್ನಾಗಿದೆ. ಹಾಗಿದ್ದೂ ಮಾವನ ಜೊತೆ ಕೂತು ನೋಡಬೇಡಿ. ತಮ್ಮದೇ ಮುಂದಿನ ದಿನಗಳನ್ನು ಮನೆಯವರೆಲ್ಲರ ನಡುವೆ ಕೂತು ನೋಡುವ ಕಷ್ಟ ಅವರಿಗೆ ಯಾಕೆ? ನೀವೂ ಯಜಮಾನರೂ ಒಂದು ರಾತ್ರಿ ಬೇರೆ ನೋಡಿ. ನೋಡಿದ ಮೇಲೆ ಮಾವನ ಜೇಬಿಗೆ ವಿಳಾಸ ಬರೆದ ಒಂದು ಚೀಟಿ ಹಾಕಿಡಿ.

‘ಸಪ್ತ ಸಾಗರದಾಚೆ ಎಲ್ಲೋ’ ಎರಡೂ ಭಾಗ ನೋಡಬೇಕಾ? – ಚನ್ನಗಿರಿ

ಸೈಡ್ ಎ ನೋಡಲೇಬೇಕು. ಯಜಮಾನನ ಮನೆಯವರ ತಪ್ಪನ್ನು ತನ್ನ ಮೇಲೆ ಹಾಕಿಕೊಂಡು ಜೈಲಿಗೆ ಹೋಗುವ ಡ್ರೈವರ್ ಮನು, ಹೊರಗೆ ಕಾಯುವ ಪ್ರಿಯಾ. ಎಲ್ಲರೂ ರಕ್ಷಿತ್ ಶೆಟ್ಟಿ ಅಂದರು, ನನಗೆ ಕಂಡಿದ್ದು ರುಕ್ಮಿಣಿ ವಸಂತ್. ಅವಳ ಮನೆ, ಅವಳ ಹಾಡು, ಅವಳ ದುಡ್ಡಿನ ಲೆಕ್ಕ ಎಲ್ಲ ಇದೆ. ಸೈಡ್ ಬಿ ಬರುವ ಹೊತ್ತಿಗೆ ಅವನ ಸಂಕಟವೇ ಜಾಸ್ತಿಯಾಗಿ ಅವಳು ದೂರದಿಂದ ನೋಡುವ ವಸ್ತು ಆಗಿಬಿಟ್ಟಳು. ಚೈತ್ರಾ ಆಚಾರ್ ಇಲ್ಲದಿದ್ದರೆ ಎದ್ದು ಬರುತ್ತಿದ್ದೆ. ಎ ನೋಡಿ ನಿದ್ದೆ ಬರದೆ ಹೋದವರು ಮಾತ್ರ ಬಿ ನೋಡಿ.

ದೆವ್ವದ ಸಿನಿಮಾ ಹೇಳಿ. ಹೆದರಿಕೆ ಆಗಬೇಕು, ಆದರೆ ರಾತ್ರಿ ಬಾತ್‌ರೂಮಿಗೆ ಹೋಗೋ ಧೈರ್ಯ ಇರಬೇಕು. – ಹೊನ್ನಾಳಿ

‘ಸು ಫ್ರಮ್ ಸೋ’, 2025. ಹೆದರಿಕೆ ಕಮ್ಮಿ, ನಗು ಜಾಸ್ತಿ. ಮೈಮೇಲೆ ದೆವ್ವ ಬಂದಿದೆ ಅಂತ ಊರು ನಂಬಿಬಿಟ್ಟ ಮೇಲೆ ಆ ಹುಡುಗನ ಪಾಡು ಏನು ಅನ್ನೋದು ಕಥೆ. ದೊಡ್ಡ ಸ್ಟಾರ್ ಒಬ್ಬನೂ ಇಲ್ಲ. ನಿರ್ದೇಶಕ ಜೆ.ಪಿ. ತುಮಿನಾಡು ಅವರೇ ಆ ಹುಡುಗ. ಊರಿನ ಒಬ್ಬೊಬ್ಬನನ್ನೂ ಬಿಡದೆ ಕೆಲಸ ಕೊಟ್ಟಿದ್ದಾರೆ, ಸುಮ್ನೆ ನಿಂತು ತಲೆಯಾಡಿಸುವವನು ಒಬ್ಬನೂ ಇಲ್ಲ. ಕರಾವಳಿ ಕನ್ನಡ ಮೊದಲ ಹತ್ತು ನಿಮಿಷ ಕಿವಿಗೆ ಹತ್ತಲ್ಲ, ಆಮೇಲೆ ಮನೆಯಲ್ಲಿ ನೀವೇ ಹಾಗೆ ಮಾತಾಡೋಕೆ ಶುರು ಮಾಡುತ್ತೀರಿ.

ಓಟಿಟಿಗೆ ಬರುತ್ತೆ ಅಂತ ಗೊತ್ತಿದ್ದೂ ಥಿಯೇಟರಿಗೆ ದುಡ್ಡು ಹಾಕಬೇಕಾ? – ಹಿರಿಯೂರು

ಎಲ್ಲದಕ್ಕೂ ಬೇಡ. ಟಿಕೆಟ್ 200 ರೂಪಾಯಿ ಮೀರಬಾರದು ಅಂತ ಸರ್ಕಾರ 2025ರ ಸೆಪ್ಟೆಂಬರ್‌ನಲ್ಲಿ ನಿಯಮ ಮಾಡಿತು, ಅದೇ ತಿಂಗಳು ಹೈಕೋರ್ಟ್ ತಡೆ ಕೊಟ್ಟಿತು. ಆ ಗಲಾಟೆ ಹೆಚ್ಚಾಗಿ ಬೆಂಗಳೂರಿನ ಮಾಲ್‌ಗಳದ್ದು. ನಮ್ಮ ಕಡೆ ಬಾಲ್ಕನಿ ಟಿಕೆಟ್ಟಿಗಿಂತ ಕುಟುಂಬ ಸಮೇತ ತಿನ್ನೋ ಪಾಪ್‌ಕಾರ್ನ್, ತಂಪು ಪಾನೀಯದ್ದೇ ಭಾರ. ನನ್ನ ಲೆಕ್ಕ ಸರಳ. ನಗುವ ಸಿನಿಮಾ, ಹಾಡಿನ ಸಿನಿಮಾ, ಬಂಡೆ, ಕಾಡು, ಸಮುದ್ರ ಇರುವ ಸಿನಿಮಾ ಥಿಯೇಟರಿನಲ್ಲಿ. ನಾಲ್ಕು ಗೋಡೆ ನಡುವೆ ಗಂಡ ಹೆಂಡತಿ ಮಾತಾಡುವ ಸಿನಿಮಾ ಮನೆಯಲ್ಲಿ.

ಮತ್ತೆ, ಶುಕ್ರವಾರ ಬೆಳಗಿನ ಶೋ ಮುಗಿದ ಕೂಡಲೇ ಮೈಕ್ ಮುಂದೆ ಕಿರುಚುವವರ ಮಾತು ಕೇಳಿ ಟಿಕೆಟ್ ತೆಗೆಯಬೇಡಿ. ಸೋಮವಾರದವರೆಗೆ ಕಾಯಿರಿ. ಸೆಕೆಂಡ್ ಶೋ ಬಿಟ್ಟು ಮಿರ್ಚಿ ಮಂಡಕ್ಕಿ ಗಾಡಿ ಹತ್ತಿರ ನಿಂತವರು ಸಿನಿಮಾ ಬಗ್ಗೆ ಮಾತಾಡುತ್ತಿದ್ದರೆ ಹೋಗಬಹುದು. ಸಿನಿಮಾ ಬಿಟ್ಟು ಬೇರೆ ಏನೋ ಮಾತಾಡುತ್ತಿದ್ದರೆ, ಸುಮ್ನೆ ಮಂಡಕ್ಕಿ ತಿಂದು ಮನೆಗೆ ಬನ್ನಿ.

ನಮ್ಮ ಬಾಸ್ ಸಿನಿಮಾ ಬಗ್ಗೆ ಹಿಂದಿನ ಸಂಚಿಕೆಯಲ್ಲಿ ಕೆಟ್ಟದಾಗಿ ಬರೆದಿದ್ದೀರಿ. ನೀವು ಒಂದು ಸಿನಿಮಾ ಮಾಡಿ ತೋರಿಸಿ. – ದಾವಣಗೆರೆ

ದೋಸೆ ಸೀದುಹೋಗಿದೆ ಅಂತ ಹೇಳೋಕೆ ಭಟ್ಟನೇ ಆಗಬೇಕು ಅಂದರೆ ಈ ಊರಲ್ಲಿ ಯಾರೂ ಬೆಣ್ಣೆದೋಸೆ ಬಗ್ಗೆ ಬಾಯಿ ಬಿಡುವ ಹಾಗಿಲ್ಲ. ನಿಮ್ಮ ಬಾಸ್ ಚೆನ್ನಾಗಿ ನಟಿಸುತ್ತಾರೆ, ಅದನ್ನೂ ಬರೆದಿದ್ದೆ. ಅವರ ಎದುರು ನಿಂತವರಿಗೂ ನಾಲ್ಕು ಮಾತು ಕೊಡಿ ಅಂತಷ್ಟೇ ನನ್ನ ತಕರಾರು.

ನಮ್ಮ ಮನೆಯವರು ಸಿನಿಮಾ ಬೇಜಾರಾದರೆ ಇಂಟರ್‌ವಲ್‌ನಲ್ಲೇ ಎದ್ದು ಹೊರಟುಬಿಡ್ತಾರೆ. ದುಡ್ಡು ಕೊಟ್ಟಿದ್ದೀವಿ, ಪೂರ್ತಿ ನೋಡೋಣ ಅಂದ್ರೆ ಕೇಳಲ್ಲ. ನನಗೆ ಕೊನೆ ಏನಾಯ್ತು ಅಂತ ಗೊತ್ತಾಗದೆ ರಾತ್ರಿಯೆಲ್ಲ ತಳಮಳ. ಅವರಿಗೆ ಬುದ್ಧಿ ಹೇಳಿ. – ಕೆ.ಟಿ.ಜೆ. ನಗರ, ದಾವಣಗೆರೆ

ನಿಮ್ಮ ಯಜಮಾನರ ಪಕ್ಷ ನಾನು. ದುಡ್ಡು ಹೋಗಿದ್ದು ಟಿಕೆಟ್ ತೆಗೆದಾಗಲೇ. ಕೂತರೂ ವಾಪಸ್ ಬರಲ್ಲ, ಜೊತೆಗೆ ಇನ್ನೂ ಒಂದು ಗಂಟೆ ಹೋಗುತ್ತದೆ. ಇಂಟರ್‌ವಲ್‌ವರೆಗೆ ಒಬ್ಬನಾದರೂ ಮನುಷ್ಯನ ಹಾಗೆ ನಡೆದುಕೊಳ್ಳದ ಸಿನಿಮಾದಲ್ಲಿ ಆಮೇಲೆ ಯಾರೂ ನಡೆದುಕೊಳ್ಳಲ್ಲ. ಹೊಡೆದಾಟದ ಸಿನಿಮಾ ಆಗಿದ್ದರೆ ಕೊನೆಯಲ್ಲಿ ಹೀರೋ ಗೆದ್ದ, ಪ್ರೇಮದ್ದಾಗಿದ್ದರೆ ಮದುವೆ ಆಯಿತು ಇಲ್ಲ ಒಬ್ಬರು ಸತ್ತರು ಅಂತ ಇಟ್ಟುಕೊಂಡು ನೆಮ್ಮದಿಯಾಗಿ ಮಲಗಿ.

ಅಷ್ಟಕ್ಕೂ ನಿಮಗೆ ಕೊನೆಯವರೆಗೆ ಕೂರಲೇಬೇಕು ಅಂತಿದ್ದರೆ, ಮುಂದಿನ ಸಲ ಗಾಡಿ ಕೀ ನಿಮ್ಮ ಪರ್ಸಿನಲ್ಲಿ ಇರಲಿ.